ತಳದ ಅರ್ಧ ಚೀಲ

ಮೂವತ್ತನೆಯ ಇಸವಿಯ ಶ್ರಾವಣದಲ್ಲಿ ಪುಣೆಯ ಗಂಜ ಪೇಟೆಯ ಮನೆ ಮಾಲಕ ನಮ್ಮ ಸಾಮಾನನ್ನೆಲ್ಲ ಬೀದಿಗೆ ಇಟ್ಟ. ಬಾಡಿಗೆ ಬಾಕಿ ಇರಲಿಲ್ಲ. ತಿಂಗಳಿಗೆ ಎಂಟಾಣೆ ಹೆಚ್ಚು ಕೊಡುವವನೊಬ್ಬ ಅವನಿಗೆ ಸಿಕ್ಕಿದ್ದ, ಅಷ್ಟೇ. ಮಳೆ ಹೊಡೆಯುತ್ತಿತ್ತು. ನನ್ನ ಹೆಂಡತಿ ರುದ್ರವ್ವ ಹಿಟ್ಟಿನ ಡಬ್ಬಿಯ ಮೇಲೆ ಸೆರಗು ಹೊಚ್ಚಿ ನಿಂತಿದ್ದಳು. ನಾನು ಮಾಲಕನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದೆ. ನಾಲ್ಕು ಮಂದಿ ಸೇರಿ ಬಿಡಿಸಿದರು. ಬಿಡಿಸದಿದ್ದರೆ ಒಳ್ಳೆಯದಿತ್ತೋ ಕೆಟ್ಟದ್ದಿತ್ತೋ ಗೊತ್ತಿಲ್ಲ.

ಅಂದೇ ಆಣೆ ಮಾಡಿದೆ: ಸ್ವಂತ ಜಾಗ ಮಾಡಿಯೇ ತೀರುವುದು. ಬಿಬವೇವಾಡಿ ಆಗ ಊರ ಹೊರಗಿನ ಹಳ್ಳಿ. ಅಲ್ಲಿ ಹೊಲದ ಬದುವಿಗೆ ಹತ್ತಿದ ಎರಡು ಗುಂಟೆ ಜಾಗ ಮುನ್ನೂರು ರೂಪಾಯಿಗೆ ಬರುತ್ತದೆಂದು ದಲಾಲಿ ಭುಜಂಗ ಹೇಳಿದ್ದ. ನಾನು ಭವಾನಿ ಪೇಟೆಯ ಒಂದು ಕಾಳಿನ ಅಡತಿ ಅಂಗಡಿಯಲ್ಲಿ ಗುಮಾಸ್ತ. ಸಂಬಳ ಇಪ್ಪತ್ನಾಲ್ಕು ರೂಪಾಯಿ. ಊರು ವಿಜಾಪುರದ ಕಡೆ, ಇಂಡಿಯ ಹತ್ತಿರ. ಊರಲ್ಲಿ ನನ್ನದೆಂಬುದು ಏನೂ ಉಳಿದಿರಲಿಲ್ಲ.

ಮುಂದಿನ ಯುಗಾದಿಗೆ, ಅಂದರೆ ಮೂವತ್ತೊಂದರಲ್ಲಿ, ಒಂದು ಪುಸ್ತಕ ಹೊಲಿದೆ. ವರ್ಷದ ಖರ್ಚನ್ನು ವರ್ಷದ ಮೊದಲ ದಿನವೇ ಬರೆದಿಡುವುದು, ಬರೆದ ಗೆರೆಯನ್ನು ವರ್ಷವಿಡೀ ದಾಟದಿರುವುದು. ಬಾಡಿಗೆ ಇಷ್ಟು. ಜೋಳ ನಾಲ್ಕು ಚೀಲ. ಬೇಳೆ, ಎಣ್ಣೆ, ಖಾರ, ಉಪ್ಪು. ಇಬ್ಬರಿಗೂ ಎರಡೆರಡು ಜೊತೆ ಬಟ್ಟೆ. ರುದ್ರವ್ವನ ತವರಿಗೆ ಒಂದು ಸಲ ಹೋಗಿ ಬರುವ ರೈಲು ಖರ್ಚು. ಭಿಕ್ಷೆಗೆ ಬರುವ ಜಂಗಮರಿಗೆ ಇಷ್ಟು. ಔಷಧಕ್ಕೆ ಎರಡು ರೂಪಾಯಿ. ಹಾಲು ಇಲ್ಲ, ಚಹಾ ಇಲ್ಲ. ಎಲೆಯಡಿಕೆ ನಾನೇ ಬಿಟ್ಟೆ. ಉಳಿದದ್ದು ಜಾಗಕ್ಕೆ.

"ಇಷ್ಟರಾಗ ಆಗ್ತದೇನು?" ಎಂದು ಕೇಳಿದೆ.

"ಆಗಿಸಿದ್ರ ಆಗ್ತದ್ರಿ," ಎಂದಳು ರುದ್ರವ್ವ. ನಕ್ಕಳು ಕೂಡ. "ಜಾಗಾದಾಗ ಒಂದು ಕರಿಬೇವಿನ ಗಿಡಕ್ಕ ಎಡಿ ಬಿಡ್ರಿ ಮತ್ತ."

ನಮಗೆ ಮದುವೆಯಾಗಿ ಆಗ ನಾಲ್ಕು ವರ್ಷ. ಮಕ್ಕಳಿರಲಿಲ್ಲ. ಸ್ವಂತ ಮನೆಯೊಂದು, ಅದರಲ್ಲಿ ಒಂದು ಮಗು. ಅವಳಿಗೆ ಬೇಕಿದ್ದದ್ದು ಇಷ್ಟೇ. ನನಗೂ ಅಷ್ಟೇ. ಆದರೆ ನಾನು ಮೊದಲನೆಯದನ್ನೇ ಹಗಲಿರುಳು ನೆನೆಸಿದೆ.

ನಮ್ಮ ಕಡೆ ಜೋಳವನ್ನು ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಕೊಳ್ಳುತ್ತಾರೆ. ನನಗೆ ಅಂಗಡಿಯಲ್ಲಿ ಸಗಟು ಧಾರಣೆಯಲ್ಲೇ ಸಿಗುತ್ತಿತ್ತು. ನಾನಾ ಪೇಟೆಯ ಒಂದು ವಾಡೆಯಲ್ಲಿ, ಹಲವು ಬಿಡಾರಗಳ ದೊಡ್ಡ ಮನೆಯಲ್ಲಿ, ಮಹಡಿಯ ಮೇಲೆ ಎರಡು ಕೋಣೆ ಹಿಡಿದಿದ್ದೆವು. ಹಿಂದಿನ ಕೋಣೆಯಲ್ಲಿ ರುದ್ರವ್ವ ಬಿದಿರಿನ ಕಣಜ ನಿಲ್ಲಿಸಿ, ಸಗಣಿ ಸಾರಿಸಿ, ನಾಲ್ಕು ಚೀಲ ಜೋಳ ಸುರಿದಳು. ದಿನಾ ಅದರಿಂದ ಸೇರಿನಲ್ಲಿ ಅಳೆದು ತೆಗೆದು ಬೀಸುತ್ತಿದ್ದಳು.

ಮರುವರ್ಷ ಯುಗಾದಿಗೆ ಕಣಜದಲ್ಲಿ ಬಗ್ಗಿ ನೋಡಿದೆ. ಸುಮಾರು ಅರ್ಧ ಚೀಲ ಉಳಿದಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದೆ. "ನನ್ನ ಹೆಂಡ್ತಿ ಲಕ್ಷ್ಮಿ" ಎಂದೆ. ಪುಸ್ತಕದಲ್ಲಿ ಅರ್ಧ ಚೀಲ ಕಳೆದು, ಜೋಳ ಮೂರೂವರೆ ಚೀಲ ಎಂದು ಬರೆದೆ. ಅದರ ಮರುವರ್ಷವೂ ಅರ್ಧ ಚೀಲ ಉಳಿಯಿತು. ಮತ್ತೆ ಅರ್ಧ ಕಳೆದು ಮೂರು ಎಂದು ಬರೆದೆ. ಆ ವರ್ಷ, ಮೂವತ್ಮೂರರಲ್ಲಿ, ರುದ್ರವ್ವ ಬಸುರಾದಳು. ಮೂರು ತಿಂಗಳಿಗೆ ಇಳಿದು ಹೋಯಿತು.

ಮೂವತ್ನಾಲ್ಕರ ಯುಗಾದಿಗೆ ನಾನು ಪುಸ್ತಕ ತೆಗೆದು ಕೂತಾಗ ಅವಳು ಬಾಗಿಲ ಹತ್ತಿರ ಬಂದು ನಿಂತಳು.

"ಈ ವರ್ಷ ಜ್ವಾಳ ಸ್ವಲ್ಪ ಹೆಚ್ಚ ಬರೀರಿ. ಸಾಲಲಾಕತ್ತಿಲ್ಲ."

"ಸಾಲಂಗಿಲ್ಲ? ಕಣಜದಾಗ ಅರ್ಧ ಚೀಲ ಕೂತದ. ನಿನ್ನ ಕಣ್ಣಿಗೆ ಕಾಣಂಗಿಲ್ಲೇನು?"

"ಅದು ಇರಬೇಕಾದ್ದ್ರಿ…"

ಮುಂದೆ ಅವಳು ಏನು ಹೇಳುತ್ತಿದ್ದಳೋ ನಾನು ಕೇಳಲಿಲ್ಲ. ಅಂದು ಬೆಳಿಗ್ಗೆ ಅಂಗಡಿಯಲ್ಲಿ ಶೇಟಜಿಯ ಹತ್ತಿರ ಬೈಸಿಕೊಂಡು ಬಂದಿದ್ದೆ. ಪುಸ್ತಕವನ್ನು ಗೋಡೆಗೆ ಬೀಸಿ ಒಗೆದೆ. ಅದು ಅವಳ ಕಿವಿಯ ಹತ್ತಿರದಿಂದ ಹಾದುಹೋಯಿತು. "ನೀನ ಬರಿ ಹಂಗಾರ! ನೀನ ದುಡಿ, ನೀನ ಬರಿ!" ಎಂದು ವಾಡೆಗೆಲ್ಲ ಕೇಳುವಂತೆ ಕೂಗಿದೆ. ಅವಳು ಪುಸ್ತಕ ಎತ್ತಿ, ಸೆರಗಿನಿಂದ ಒರೆಸಿ, ನನ್ನ ಮುಂದೆ ಇಟ್ಟು ಒಳಗೆ ಹೋದಳು. ನಾನು ಎರಡೂವರೆ ಎಂದು ಬರೆದೆ.

ಆ ವರ್ಷ ಮತ್ತೊಮ್ಮೆ ಬಸುರು ನಿಂತು ನಾಲ್ಕು ತಿಂಗಳಿಗೆ ಇಳಿಯಿತು. "ನಿನ್ನ ಹೊಟ್ಟೀನ ಗಟ್ಟಿಲ್ಲ" ಎಂದೆ. ಆ ಮಾತನ್ನು ನಾನು ಆಡಿದ್ದೇನೆ. ಅವಳು ಕೇಳಿಸಿಕೊಂಡಿದ್ದಾಳೆ. ಮೂವತ್ತೈದರ ಯುಗಾದಿಗೆ ಎರಡು ಚೀಲ ಎಂದು ಬರೆದೆ.

ಆ ಬೇಸಿಗೆಯಲ್ಲೇ ಮೂರನೆಯ ಸಲ ಬಸುರಾದಳು. ಈ ಸಲ ಮೂರು ತಿಂಗಳು ದಾಟಿತು, ನಾಲ್ಕು ದಾಟಿತು, ಐದೂ ದಾಟಿತು. ನಾನು ಉಸಿರು ಬಿಗಿಹಿಡಿದು ದಿನ ಎಣಿಸುತ್ತಿದ್ದೆ. ನಮ್ಮ ವಾಡೆಯಲ್ಲೇ ಕೆಳಗಿನ ಕೋಣೆಯಲ್ಲಿ ಗಂಗೂಬಾಯಿ ಎಂಬ ಮರಾಠಿ ಸೂಲಗಿತ್ತಿ ಇದ್ದಳು. ಕನ್ನಡದವರ ನಡುವೆ ಇದ್ದು ಹರಕುಮುರುಕು ಕನ್ನಡ ಕಲಿತಿದ್ದಳು. ರುದ್ರವ್ವನ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದಳು.

"ಗುಮಾಸ್ತ, ಇಕಿ ಮೈಯಾಗ ರಕ್ತ ನಾಹೀ. ಹಾಲು ಕುಡಸ್ರಿ. ತೂಪ ಹಾಕ್ರಿ, ತುಪ್ಪ! ಕಂಜೂಸ ಆಗಬ್ಯಾಡ್ರಿ."

"ಹೆಣ್ಣಮಕ್ಕಳಿಗೆಲ್ಲಾ ನೀವು ಇದನ್ನ ಹೇಳ್ತೀರಿ."

"ಎಲ್ಲಾರಿಗೂ ಹೇಳ್ತೀನಿ. ಕೇಳದವರ ಮನಿಗೆ ಮತ್ತ ಕರದಾಗ ಅಳಕೋತ ಬರ್ತೀನಿ," ಎಂದು ಮೂಗು ಮುರಿದು ಹೋದಳು.

ನಾನು ಔಷಧದ ಎರಡು ರೂಪಾಯಿಯಲ್ಲಿ ಒಂದು ರೂಪಾಯಿಗೆ ಹಾಲು ತರಿಸಿದೆ. ಅಷ್ಟು ಮಾಡಿ ದೊಡ್ಡ ಕೆಲಸ ಮಾಡಿದೆನೆಂದುಕೊಂಡೆ.

ಏಳನೆಯ ತಿಂಗಳಲ್ಲಿ, ದೀಪಾವಳಿ ಕಳೆದ ಮೇಲೆ, ರುದ್ರವ್ವನ ತಮ್ಮ ಕಾಡಪ್ಪ ಕುಬುಸ ಮಾಡಲು ಊರಿನಿಂದ ಬಂದ. ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಬಯಕೆಯ ಅಡಿಗೆ ಉಣಿಸುವ ಕಾರ್ಯವದು. ಎರಡು ಬುಟ್ಟಿ ತಲೆಯ ಮೇಲೆ ಹೊತ್ತು ತಂದಿದ್ದ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಗೋಧಿ-ಬೆಲ್ಲದ ಮಾದಲಿ, ಕರ್ಚಿಕಾಯಿ. ವಾಡೆಯ ಐದು ಮುತ್ತೈದೆಯರನ್ನು ಕರೆದು, ಪಡಸಾಲೆಯಲ್ಲಿ ಮಣೆ ಹಾಕಿ ರುದ್ರವ್ವನನ್ನು ಕೂರಿಸಿದರು.

ನಮ್ಮ ಮನೆಗಳಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರು ಒಳಗೆ ಉಣ್ಣುತ್ತಾರೆ. ನನ್ನ ತಾಯಿ ಉಣ್ಣುವುದನ್ನು ನಾನು ನೋಡಿದವನಲ್ಲ. ಎಂಟು ವರ್ಷ ಸಂಸಾರ ಮಾಡಿ ನನ್ನ ಹೆಂಡತಿ ಉಣ್ಣುವುದನ್ನು ಅಂದೇ ಮೊದಲು ನೋಡಿದ್ದು. ಕುಬುಸದ ದಿನ ಬಸುರಿ ಎಲ್ಲರ ಮುಂದೆ ಉಣ್ಣಬೇಕು, ಬೇಡ ಅನ್ನಬಾರದು. ಅವಳು ಬೇಡ ಅನ್ನಲಿಲ್ಲ. ಒಬ್ಬಳು ಹೋಳಿಗೆ ಬಡಿಸಿದಳು, ತಿಂದಳು. ಇನ್ನೊಬ್ಬಳು ಮಾದಲಿ ಸುರಿದಳು, ತಿಂದಳು. ಎಲೆಗೆ ಬಿದ್ದದ್ದು ನಿಲ್ಲುತ್ತಲೇ ಇರಲಿಲ್ಲ. ಕಡೆಗೆ ಬೆರಳಿನಿಂದ ಎಲೆಯ ಮೇಲಿನ ಬೆಲ್ಲದ ಪುಡಿಯನ್ನು ಒತ್ತಿ ಒತ್ತಿ ತೆಗೆದಳು.

"ಅಯ್ಯ, ಗಂಡ್ಸ ಮಗಾನ ಇರಬೇಕ ಬಿಡ! ಹೊಟ್ಟ್ಯಾಗ ಪೈಲ್ವಾನ ಕೂತಾನ!" ಎಂದು ಹೆಂಗಸರು ನಕ್ಕರು. ನಾನೂ ನಕ್ಕೆ. ಕಾಡಪ್ಪ ನಗಲಿಲ್ಲ.

ಉಂಡದ್ದು ಅವಳಿಗೆ ದಕ್ಕಲಿಲ್ಲ. ಸ್ವಲ್ಪ ಹೊತ್ತಿಗೆ ಹಿತ್ತಲಿಗೆ ಹೋಗಿ ಎಲ್ಲ ಕಾರಿಕೊಂಡಳು.

ಮರುದಿನ ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದೆ. ಉಂಡು ಕೈ ತೊಳೆಯುವಾಗ ಕಾಡಪ್ಪ ಅಡಿಗೆಮನೆಯ ಕಡೆಯಿಂದ ಬಂದು ನನ್ನ ಎದುರು ಕೂತ.

"ಮಾವಾ, ನಮ್ಮಕ್ಕ ದಿನಾ ಏನ ಉಣ್ತಾಳ?"

"ನಾ ಏನ ಉಣ್ತೀನಿ, ಅದನ್ನ."

"ಎಷ್ಟ?"

"ಎಷ್ಟಂದ್ರ? ಒಲಿ ಮುಂದ ಕೂತು ಎಣಿಸ್ಲೇನು ನಾನು?"

"ಉಳಿದದ್ದೆಲ್ಲಾ ಎಣಸ್ತೀರಲ್ಲ. ಈಗ ನೋಡಿ ಬಂದೆ. ಅರ್ಧ ರೊಟ್ಟಿ, ಒಂದ ವಾಟಗಾ ಅಂಬಲಿ. ನನ್ನ ನೋಡಿ ಅದನ್ನೂ ಮುಚ್ಚಿ ಇಟ್ಲು."

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮನೆಯಲ್ಲಿ ಕೂತು, ನನ್ನ ಅನ್ನ ಉಂಡು, ನನಗೇ ಕೇಳುವವನು ಇವನ್ಯಾರು? ಪುಸ್ತಕ ತಂದು ಅವನ ಮುಂದೆ ಬಿಚ್ಚಿದೆ. "ನೋಡು! ವರ್ಷಾ ಅರ್ಧ ಚೀಲ ಉಳದಾವ. ಹಸದವರ ಮನ್ಯಾಗ ಕಾಳು ಉಳೀತಾವೇನು?"

"ನನಗ ಓದಾಕ ಬರಂಗಿಲ್ಲ. ನೀವ ಓದ್ರಿ. ಯಾವ ವರ್ಷ ಎಷ್ಟ ತಂದ್ರಿ?"

ಓದಿದೆ. ನಾಲ್ಕು. ಮೂರೂವರೆ. ಮೂರು. ಎರಡೂವರೆ. ಎರಡು. ಅವನು ಒಂದೊಂದಕ್ಕೂ ಒಂದು ಬೆರಳು ಮಡಚುತ್ತ ಹೋದ. ಐದೂ ಬೆರಳು ಮಡಚಿದ ಮೇಲೆ ಮುಷ್ಟಿಯನ್ನು ಹಾಗೇ ಹಿಡಿದು ಕೂತ.

"ಎರಡ ಚೀಲ. ಇಬ್ಬರಿಗೆ, ಬಂದ ಜಂಗಮರಿಗೆ, ಹೋದ ಬೀಗರಿಗೆ."

"ಮತ್ತ ಉಳೀತಾವಲ್ಲೋ!"

"ಮಾವಾ, ಎತ್ತಿನ ಮುಂದ ಮೇವು ಉಳೀತಂದ್ರ ನಾವು ಎತ್ತಿನ ಹೊಟ್ಟಿ ಮುಟ್ಟಿ ನೋಡ್ತೀವಿ. ನೀವು ಮೇವು ಕಡಿಮಿ ಮಾಡೀರಿ." ಆಮೇಲೆ ಒಳಗೆ ತಿರುಗಿ ಕರೆದ. "ಅಕ್ಕಾ, ಬಾ ಇಲ್ಲಿ. ಯಾಕ ಉಳಸ್ತಿ? ಯಾರಿಗೆ ಉಳಸ್ತಿ?"

ರುದ್ರವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ನನ್ನನ್ನು ನೋಡಲಿಲ್ಲ, ತಮ್ಮನಿಗೆ ಹೇಳಿದಳು. "ಕಣಜ ಬರಿದ ಮಾಡಬಾರದಲ್ಲೋ. ಅವ್ವ ಹೇಳೂದು ನೀ ಕೇಳಿಲ್ಲೇನು? ಹಳೇ ಜ್ವಾಳದ ಮ್ಯಾಲೇ ಹೊಸಾ ಜ್ವಾಳ ಬೀಳಬೇಕು. ಕೈ ಇಟ್ರ ಮೊಣಕೈ ಮುಳಗೂ ಅಷ್ಟರೇ ಇರಬೇಕು. ತಳಾ ಕಂಡ್ರ ಮನೀಗೆ ಛಲೋ ಅಲ್ಲ. ಮಕ್ಕಳಾಗೂ ಮನಿ."

ಕಾಡಪ್ಪ ತಲೆ ತಗ್ಗಿಸಿದ. ಅವನಿಗೆ ತಿಳಿಯಿತು. ನನಗೆ ತಿಳಿಯಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಪುಸ್ತಕ ತೊಡೆಯ ಮೇಲೆ ಬಿಚ್ಚಿಕೊಂಡೇ ಕೂತಿದ್ದೆ.

ಅದು ಪ್ರತಿ ವರ್ಷ ಹೊಸದಾಗಿ ಉಳಿದ ಜೋಳವಲ್ಲ. ಮೊದಲ ವರ್ಷ ತಳದಲ್ಲಿ ಇಟ್ಟ ಅರ್ಧ ಚೀಲದ ಲೆಕ್ಕವೇ ಮುಂದಿನ ವರ್ಷಕ್ಕೆ, ಅದರ ಮುಂದಿನದಕ್ಕೆ ದಾಟಿ ಬರುತ್ತಿತ್ತು. ಆ ಒಂದೇ ಅರ್ಧ ಚೀಲವನ್ನು ನಾನು ನಾಲ್ಕು ಸಲ ಕಳೆದಿದ್ದೆ. ಅಂಗಡಿಯ ಪುಸ್ತಕದಲ್ಲಿ ಹೋದ ವರ್ಷದ ಉಳಿಕೆಯನ್ನು ಮೊದಲ ಸಾಲಿನಲ್ಲಿ ಬರೆಯುವುದು ಚೊಚ್ಚಲ ಪಾಠ. ಬರೆಯದ ಗುಮಾಸ್ತರಿಗೆ ನಾನೇ ಕತ್ತೆ ಎಂದು ಬೈದಿದ್ದೇನೆ. ಮನೆಯ ಪುಸ್ತಕದಲ್ಲಿ ಆ ಸಾಲೇ ಇರಲಿಲ್ಲ. ನನ್ನ ನಾಲ್ಕು ರೊಟ್ಟಿ ಐದು ವರ್ಷದಲ್ಲಿ ಒಂದು ದಿನವೂ ಮೂರಾಗಿರಲಿಲ್ಲ. ಜಂಗಮರ ಜೋಳಿಗೆಗೆ ಬೀಳುವ ಹಿಡಿ ಕಡಿಮೆಯಾಗಿರಲಿಲ್ಲ. ಕಡಿಮೆಯಾಗಲಿಕ್ಕೆ ಮನೆಯಲ್ಲಿ ಇನ್ನೊಂದೇ ಬಾಯಿ ಇತ್ತು.

"ನನಗ್ಯಾಕ ಹೇಳಲಿಲ್ಲ?" ಎಂದೆ. ಮೆಲ್ಲಗೆ ಕೇಳಬೇಕೆಂದಿದ್ದೆ. ಗಂಟಲಿನಿಂದ ಗುಡುಗಾಗಿ ಬಂತು.

"ಹಿಂಗ ಒದರಿದ್ರ ಯಾರ ಹೇಳ್ತಾರ?" ಎಂದ ಕಾಡಪ್ಪ.

"ಒಮ್ಮಿ ಹೇಳಿದ್ನಲ್ರಿ," ಎಂದಳು ರುದ್ರವ್ವ.

ಅಂದು ಅಂಗಡಿಗೆ ಮರಳಿ ಹೋಗಲಿಲ್ಲ. ಒಂದು ಚೀಲ ಜೋಳ, ಎರಡು ಸೇರು ತುಪ್ಪ, ಉತ್ತತ್ತಿ, ಬೆಲ್ಲ ಎಲ್ಲ ಕೈಗಾಡಿಯಲ್ಲಿ ಹೇರಿಸಿ ತಂದೆ. ಗೌಳಿಗನಿಗೆ ದಿನಾ ಸೇರು ಹಾಲು ಹಾಕಲು ಹೇಳಿದೆ. ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಗಂಗೂಬಾಯಿಯ ಕೋಣೆಗೆ ಹೋಗಿ ಕೈ ಮುಗಿದೆ. "ಏನ ಕೊಡಬೇಕು, ಎಷ್ಟ ಕೊಡಬೇಕು, ಹೇಳ್ರಿ. ಕೂಸು ಉಳೀಬೇಕು."

ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಅದೇ ನನಗೆ ಹೆದರಿಕೆ ತಂದಿತು. "ಥೋಡೆ ಥೋಡೆ ಕೊಡ್ರಿ," ಎಂದಳು. "ಒಣಗಿದ ಹೊಲಕ್ಕ ಒಮ್ಮೆಲೇ ನೀರು ಬಿಟ್ರ ಮೇಲ ಮೇಲ ಹರದು ಹೋಗ್ತದ."

ಕಾಡಪ್ಪ ಅಕ್ಕನನ್ನು ಹೆರಿಗೆಗೆ ಊರಿಗೆ ಕರೆದುಕೊಂಡು ಹೋಗಬೇಕೆಂದು ಬಂದವನು. ಈ ಸ್ಥಿತಿಯಲ್ಲಿ ರೈಲಿನ ಕುಲುಕಾಟ ಬೇಡವೆಂದು ಗಂಗೂಬಾಯಿ ತಡೆದಳು. ಅವನು ಒಬ್ಬನೇ ಹೊರಟ. ಹೋಗುವಾಗ ನನ್ನ ಕಾಲು ಮುಟ್ಟಲಿಲ್ಲ.

ಹದಿನೆಂಟು ದಿನ ಅವಳು ಹಾಲು ಕುಡಿದಳು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ನೋವು ಬಂತು. ಇನ್ನೂ ಎಂಟು ತಿಂಗಳು ತುಂಬಿರಲಿಲ್ಲ. ಹೊತ್ತು ಏರುವುದರೊಳಗೆ ಹೆಣ್ಣುಮಗು ಹುಟ್ಟಿತು. ಗಂಗೂಬಾಯಿ ಅದನ್ನು ಹತ್ತಿಯಲ್ಲಿ ಸುತ್ತಿ ನನ್ನ ಅಂಗೈಯಲ್ಲಿಟ್ಟಳು. ತೂಕವೇ ಇರಲಿಲ್ಲ. ಕಾಳು ತೂಗಿ ತೂಗಿ ನನ್ನ ಕೈಗೆ ಅಷ್ಟು ಗೊತ್ತಾಗುತ್ತದೆ. ಅಳು ಸಹ ಬೆಕ್ಕಿನ ಮರಿಯ ಹಾಗೆ, ಪಕ್ಕದ ಕೋಣೆಗೆ ಕೇಳದಷ್ಟು.

ರುದ್ರವ್ವನ ಎದೆಯಲ್ಲಿ ಹಾಲು ಬರಲಿಲ್ಲ. ಎಲ್ಲಿಂದ ಬರಬೇಕು? ಆಡಿನ ಹಾಲಿಗೆ ನೀರು ಬೆರೆಸಿ, ಬತ್ತಿ ಅದ್ದಿ, ತುಟಿಗೆ ಹಿಂಡಿದರು. ಅಯ್ಯನವರನ್ನು ಕರೆಸಿ ಲಿಂಗ ಕಟ್ಟಿಸಿದೆ. ನಾನು ಅಂಗಡಿಗೆ ಹೋಗದೆ ತೊಟ್ಟಿಲ ಹತ್ತಿರವೇ ಕೂತೆ. ಏಳನೆಯ ದಿನ ಅದು ನನ್ನ ಬೆರಳು ಹಿಡಿಯಿತು. "ನೋಡ್ರಿ, ಹಿಡತ ಗಟ್ಟಿ ಅದ," ಎಂದಳು ರುದ್ರವ್ವ. ಮುಖದಲ್ಲಿ ಐದು ವರ್ಷದ ಹಿಂದಿನ ನಗು ಕಂಡಿತು. "ಹೆಸರು ಶಿವಬಸವ್ವ ಅಂತ ಇಡೂಣು. ನಮ್ಮ ಅತ್ತೀ ಹೆಸರು."

ಹೆಸರಿಡುವುದು ಹದಿಮೂರನೆಯ ದಿನ. ಮಗು ಹನ್ನೊಂದನೆಯ ದಿನ ಬೆಳಿಗ್ಗೆ ಹೋಯಿತು. ಹೆಸರಿಲ್ಲದೆ ಮಣ್ಣು ಮಾಡಿದೆವು. ಅಂಗಡಿಯ ಹಮಾಲ ಫಕೀರಪ್ಪ ಕುಣಿ ತೋಡಿದ. ಎರಡು ಗುಂಟೆ ಜಾಗಕ್ಕೆ ಐದು ವರ್ಷ ಒದ್ದಾಡಿದವನ ಮಗಳಿಗೆ ಒಂದೂವರೆ ಮೊಳ ಸಾಕಾಯಿತು.

ಕೆಲವು ದಿನ ಕಳೆದ ಮೇಲೆ ದಲಾಲಿ ಭುಜಂಗ ಬಂದ. ಬಿಬವೇವಾಡಿಯ ಹೊಲದವನು ಒಪ್ಪಿದ್ದಾನೆ, ಈ ವಾರ ಕಾಗದ ಮಾಡಿಸಬೇಕು ಎಂದ. ಹಣ ನನ್ನ ಹತ್ತಿರ ಪೂರ್ತಿ ಇತ್ತು. ನಾನು ಎದ್ದು ಅವನ ಛತ್ರಿ ಕಸಿದು ಅಂಗಳಕ್ಕೆ ಒಗೆದು, ಮತ್ತೆ ಈ ಕಡೆ ತಲೆ ಹಾಕಿದರೆ ಕಾಲು ಮುರಿಯುತ್ತೇನೆ ಎಂದೆ. ಅವನು ಕಕ್ಕಾಬಿಕ್ಕಿಯಾಗಿ ಮೆಟ್ಟಿಲಿಳಿದ.

ರುದ್ರವ್ವ ಒಳಗಿನಿಂದ ಬಂದಳು. ಹೊರಸಿನಿಂದ ಎದ್ದು ಆಗ ಮೂರೋ ನಾಲ್ಕೋ ದಿನ ಆಗಿತ್ತು.

"ಅವರನ್ನ ತಿರುಗಿ ಕರೀರಿ."

"ಬ್ಯಾಡ. ನನಗ ಆ ಜಾಗಾ ಬ್ಯಾಡ."

"ನನಗ ಬೇಕ್ರಿ. ಅದನ್ನ ತಗೋಳ್ಳಿಲ್ಲಂದ್ರ ನಾ ಹಸಗೊಂಡು ಇದ್ದದ್ದು ಯಾತಕ್ಕ ಅನ್ನೂದು ನನಗ ತಿಳೀವಲ್ದು."

ಎಂಟು ವರ್ಷದಲ್ಲಿ ಅವಳು ನನ್ನೆದುರು ಹಟ ಹಿಡಿದು ಆಡಿದ್ದು ಅದೊಂದೇ ಮಾತು. ನಾನು ಕೆಳಗಿಳಿದು, ಭುಜಂಗನ ಹಿಂದೆ ಓಡಿ, ಛತ್ರಿ ಕೈಗೆ ಕೊಟ್ಟು ಕ್ಷಮೆ ಕೇಳಿದೆ. ಶುಕ್ರವಾರ ಕಾಗದವಾಯಿತು.

ಕಾಗದವಾದ ದಿನ ಮಧ್ಯಾಹ್ನ ಬೇಗನೆ ಮನೆಗೆ ಬಂದೆ. ಅವಳು ನನಗೊಬ್ಬನಿಗೇ ತಾಟು ಇಟ್ಟಿದ್ದಳು. ನಾನು ಇನ್ನೊಂದು ತಾಟು ತಂದು ಪಕ್ಕದಲ್ಲಿಟ್ಟೆ.

"ಕೂಡು. ನನ್ನ ಸಂಗಾಟ ಉಣ್ಣು."

"ಏ, ಏನ ಹೇಳ್ತೀರಿ. ಮಂದಿ ನಗ್ತಾರ."

"ಮಂದಿ ಯಾರದಾರ ಇಲ್ಲಿ?"

ಬಹಳ ಹೊತ್ತು ನಿಂತು, ಕಡೆಗೆ ಕೂತಳು. ಎದುರಾಗಿ ಕೂರಲು ಅವಳಿಂದ ಆಗಲಿಲ್ಲ. ಗೋಡೆಗೆ ಮುಖ ಮಾಡಿ, ನನಗೆ ಬೆನ್ನು ಹಾಕಿ ಕೂತಳು. ನಾನು ಎರಡು ರೊಟ್ಟಿ, ಪಲ್ಯ, ಮೇಲೆ ತುಪ್ಪ ಬಡಿಸಿದೆ. ನನ್ನ ಕೈಯಿಂದ ಯಾರಿಗೂ ಬಡಿಸಿದವನಲ್ಲ. ತುಪ್ಪ ತಾಟಿನ ಹೊರಗೂ ಚೆಲ್ಲಿತು. ಅವಳ ಬಲಗೈ ಮೊದಲು ಬೇಗ ಬೇಗ ಆಡಿತು. ಆಮೇಲೆ ನಿಧಾನವಾಯಿತು. ಒಂದು ರೊಟ್ಟಿ ಮುಗಿಯುವ ಹೊತ್ತಿಗೆ ನಿಂತಿತು.

"ಸಾಕ್ರಿ. ಹಿಡಿಯಂಗಿಲ್ಲ."

"ಇನ್ನೊಂದು ಅದ."

"ಹೊಟ್ಟಿಗೆ ಅಷ್ಟ ರೂಢಿ ಆಗೇದ್ರಿ. ಸಂಜೀಕ ತಿಂತೀನಿ."

ಅವಳು ಹೇಳಿದ್ದು ನಿಜ. ಗಂಗೂಬಾಯಿಯೂ ಅದನ್ನೇ ಹೇಳಿದ್ದಳು. ಆದರೂ ನನ್ನ ತಲೆ ಬಿಸಿಯಾಯಿತು. ಮನೆಯಲ್ಲಿ ಜೋಳವಿದೆ, ತುಪ್ಪವಿದೆ, ಹಾಲಿದೆ, ಈಗ ಯಾಕೆ ಸಾಕು? "ತಿನ್ನು ಅಂದ್ರ ತಿನ್ನು!" ಎಂದು ಅರಚಿಬಿಟ್ಟೆ.

ಅವಳ ಎರಡೂ ಭುಜ ಒಮ್ಮೆಲೇ ಮೇಲೆದ್ದು ಕುತ್ತಿಗೆ ಒಳಗೆ ಹೋಯಿತು. ಏನೋ ಬಂದು ಕಿವಿಯ ಹತ್ತಿರ ಬಡಿಯುತ್ತದೆಂದು ಕಾಯುವವರ ಹಾಗೆ. ಕೈ ಮತ್ತೆ ತಾಟಿಗೆ ಹೋಯಿತು. ತುತ್ತು ಮುರಿದು ಬಾಯಿಗಿಟ್ಟುಕೊಂಡಳು. ಇನ್ನೊಂದು ಮುರಿದಳು. ಅಂಜಿ ಹಸಿದಿದ್ದವಳು ಈಗ ಅಂಜಿ ಉಣ್ಣುತ್ತಿದ್ದಳು.

ನಾನು ಅರ್ಧ ಊಟಕ್ಕೇ ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಒಳಗಿನಿಂದ ಎಷ್ಟೋ ಹೊತ್ತಿನವರೆಗೆ ತಾಟಿನ ಸದ್ದು ಬರಲಿಲ್ಲ. ಕೆಳಗೆ ನಳದ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ಗಂಗೂಬಾಯಿ ತಲೆಯೆತ್ತಿ ಕೇಳಿದಳು.

"ಝಾಲಂ ಕಾ ಜೇವಣ? ಉಂಡ್ಲೇನು ಆಕಿ?"

"ಉಣ್ಲಿಕತ್ಯಾಳ," ಎಂದೆ.